ಪೆಸಿಫಿಕಾ ಕೊಟ್ಟು ಡಾಟ್ ತಂದದ್ದು

ನನ್ನ ಹತ್ತಿರ ಯಮಹಾ ಪೆಸಿಫಿಕಾ 112ವಿ ಅನ್ನುವ ಎಲೆಕ್ಟ್ರಿಕ್ ಗಿಟಾರ್ ಇತ್ತು. ಅದನ್ನು ಕೊಟ್ಟು ಸೆಕೆಂಡ್ ಹ್ಯಾಂಡ್ ಎಪಿಫೋನ್ ಡಾಟ್ ಗಿಟಾರ್ ತಂದ ಕಥೆ ಇದು. ಪೆಸಿಫಿಕಾದ್ದು ಆಲ್ಡರ್ ಮರದ ಬಾಡಿ. ತಂತಿಯ ಕಂಪನ ಹಿಡಿದು ಆಂಪ್ಲಿಫೈಯರ್‌ಗೆ (ಆಂಪ್) ಕಳಿಸುವ ಪಿಕಪ್ ಮೂರು: ತಂತಿಗಳು ಬಾಡಿಯ ಮೇಲೆ ಕೂರುವ ಬ್ರಿಡ್ಜ್ ಕಡೆ ದಪ್ಪ ಸದ್ದಿನ ಹಂಬಕರ್, ಮಿಕ್ಕ ಎರಡು ತೆಳು ಸದ್ದಿನ ಸಿಂಗಲ್ ಕಾಯಿಲ್. ಜೊತೆಗೆ ಸ್ವರ ಅಲುಗಾಡಿಸುವ ಕಡ್ಡಿ, ಅಂದರೆ ವ್ಯಾಮಿ ಬಾರ್. ಕಲಿಯುವವರು ಕೇಳಿದರೆ ಈಗಲೂ ಅದನ್ನೇ ಹೇಳುತ್ತೇನೆ. ಆದರೆ ನಾನು ನುಡಿಸುವುದು ಹೆಚ್ಚಾಗಿ ಬ್ಲೂಸ್. ಅದೂ ಕತ್ತಿನ ಪಕ್ಕದ ನೆಕ್ ಪಿಕಪ್‌ನಲ್ಲಿ, ರಾತ್ರಿ ಹೊತ್ತು, ಅಪಾರ್ಟ್‌ಮೆಂಟಿನಲ್ಲಿ. ಬಿ.ಬಿ. ಕಿಂಗ್, ಲ್ಯಾರಿ ಕಾರ್ಲ್‌ಟನ್ ಅಂಥ ಗಿಟಾರ್ ವಾದಕರನ್ನು ಕೇಳಿ ಕೇಳಿ ಸೆಮಿ-ಹಾಲೋ, ಅಂದರೆ ಅರೆ ಟೊಳ್ಳು ಗಿಟಾರಿನ ಹುಚ್ಚು ಹತ್ತಿತ್ತು. ಆ ಜಾತಿಯ ಹೆಸರಾಂತ ಗಿಟಾರ್ ಗಿಬ್ಸನ್ ಇಎಸ್-335. ಹೊಸದರ ದುಡ್ಡಿಗೆ ನಮ್ಮಲ್ಲಿ ಒಳ್ಳೆಯ ಬೈಕೇ ಬರುತ್ತದೆ. ಹಾಗಾಗಿ ನಾನು ಹುಡುಕಿದ್ದು ಬಡವರ 335ಗಳನ್ನು: ಎಪಿಫೋನ್ ಡಾಟ್, ಐಬನೆಜ್ ಆರ್ಟ್‌ಕೋರ್ ಸಾಲಿನ ಎಎಸ್73, ಗ್ರೆಚ್ ಸ್ಟ್ರೀಮ್‌ಲೈನರ್.

ಗೊತ್ತಿಲ್ಲದವರಿಗೆ ಒಂದು ಮಾತು. ಪೂರ್ತಿ ಟೊಳ್ಳು ಗಿಟಾರಿನ ವಾಲ್ಯೂಮ್ ಏರಿಸಿದರೆ ಸ್ಪೀಕರಿನ ಸದ್ದು ಬಾಡಿಯನ್ನೇ ನಡುಗಿಸಿ ಅದು ಕೂಗಲು ಶುರು ಮಾಡುತ್ತದೆ. ಗಿಬ್ಸನ್ 1958ರಲ್ಲಿ 335 ತಂದಾಗ ಇದನ್ನು ತಡೆಯಲು ಬಾಡಿಯ ನಡುವೆ ಉದ್ದಕ್ಕೂ ಒಂದು ಗಟ್ಟಿ ಮರದ ದಿಮ್ಮಿ ಇಟ್ಟಿತು. ಎರಡು ಪಕ್ಕಗಳು ಮಾತ್ರ ಟೊಳ್ಳು. ಡಾಟ್ ಕೂಡ ಅದೇ ಮಾದರಿ. 1962ಕ್ಕೆ ಮೊದಲಿನ 335ಗಳ ಹಾಗೆ ಫಿಂಗರ್‌ಬೋರ್ಡ್ ಮೇಲೆ ಬರೀ ಚುಕ್ಕಿಗಳಿರುತ್ತವೆ. ಬಾಡಿ ಮೇಪಲ್ ಪ್ಲೈ. ಪ್ಲೈ ಅಂತ ಮೂಗು ಮುರಿಯಬೇಡಿ, ಲಕ್ಷಗಟ್ಟಲೆ ಬೆಲೆಯ 335ರದ್ದೂ ಪ್ಲೈಯೇ.

ನನ್ನ ಪೆಸಿಫಿಕಾ ತೆಗೆದುಕೊಂಡು ತಮ್ಮ ಡಾಟ್ ಕೊಡಲು ಒಪ್ಪಿದವರು ರಸಮಂಜರಿ ಕಾರ್ಯಕ್ರಮಗಳಲ್ಲಿ ನುಡಿಸುವ ಒಬ್ಬ ಸರ್. ಅವರ ಕಷ್ಟ ನ್ಯಾಯವಾಗಿತ್ತು. ಗಣೇಶನ ಪೆಂಡಾಲಿನ ಸ್ಟೇಜ್ ಚಿಕ್ಕದು, ಮಾನಿಟರ್ ಸ್ಪೀಕರ್ ಕಾಲ ಬುಡದಲ್ಲೇ ಇರುತ್ತದೆ. ದಿಮ್ಮಿ ಇದ್ದರೂ ಅಷ್ಟು ಹತ್ತಿರದಲ್ಲಿ ಡಾಟ್ ಕೂಗುತ್ತಿತ್ತು. ಬಿ.ಬಿ. ಕಿಂಗ್ ಕೂಡ ಇದಕ್ಕೇ ಬಾಡಿಯ ಮೇಲಿನ ಎಫ್ ಆಕಾರದ ತೂತಿಗೆ, ಅಂದರೆ ಎಫ್-ಹೋಲ್‌ಗೆ ಬಟ್ಟೆ ತುರುಕುತ್ತಿದ್ದರು. 1980ರಲ್ಲಿ ಗಿಬ್ಸನ್ ಅವರಿಗಾಗಿ ಲೂಸಿಲ್ ಮಾಡೆಲ್ ತಂದಾಗ ಎಫ್-ಹೋಲ್‌ಗಳನ್ನೇ ಬಿಟ್ಟುಬಿಟ್ಟಿತು. ಈ ಸರ್‌ಗೆ ಬೇಕಿದ್ದದ್ದು ಒಂದು ಹಾಡಿಗೆ ತೆಳು ಸದ್ದು, ಇನ್ನೊಂದಕ್ಕೆ ದಪ್ಪ ಸದ್ದು, ನಡುವೆ ಬಾರ್ ಹಿಡಿದು ಅಲುಗಾಡಿಸೋದು. ಅದಕ್ಕೆ ಪೆಸಿಫಿಕಾ ಸರಿಯಾಗಿ ಹೊಂದುತ್ತಿತ್ತು. ಎದುರಿನವರಿಗೆ ನಿಮ್ಮ ಗಿಟಾರ್ ಯಾಕೆ ಬೇಕು ಅಂತ ಕೇಳಿ ತಿಳಿದುಕೊಳ್ಳಿ. ಕಾರಣ ಹೀಗೆ ಸ್ಪಷ್ಟವಾಗಿದ್ದರೆ ಚೌಕಾಸಿ ಸಲೀಸು.

ನೋಡಲು ಹೋಗುವ ಮೊದಲೇ ಕೆಲವು ಫೋಟೋ ಕೇಳಿದ್ದೆ. ಕತ್ತಿನ ತುದಿಯ ಹೆಡ್‌ಸ್ಟಾಕ್‌ನ ಹಿಂಭಾಗ, ಮೊದಲ ಐದು ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಹತ್ತಿರದಿಂದ, ಕೇಬಲ್ ಚುಚ್ಚುವ ಜ್ಯಾಕ್ ಸುತ್ತಲಿನ ಜಾಗ, ಎಫ್-ಹೋಲ್ ಒಳಗಿನ ಲೇಬಲ್. ಈ ಜಾತಿಯ ಗಿಟಾರಿನಲ್ಲಿ ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿರುತ್ತದೆ. ಬ್ಯಾಗಿನಲ್ಲಿದ್ದಾಗಲೇ ಅಂಗಾತ ಬಿದ್ದರೂ, ಅದರ ಬುಡದಲ್ಲಿ ತಂತಿಗಳು ಕೂರುವ ನಟ್‌ನ ಹಿಂದೆ ಸರಿಯಾಗಿ ಬಿರುಕು ಬಿಡುತ್ತದೆ. ಬೈಕಿನ ಹಿಂದೆ ಗಿಟಾರ್ ಹೊತ್ತು ಹಂಪ್‌ಗಳ ಮೇಲೆ ಹಾರಿಸುವ ನಮ್ಮ ಊರಿನಲ್ಲಿ ಇದನ್ನು ಮೊದಲು ನೋಡಬೇಕು. ಅಂಟು ಹಾಕಿ ಪಾಲಿಶ್ ಮಾಡಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದರೆ ಕೂದಲೆಳೆಯಂಥ ಗೆರೆ ಕಾಣುತ್ತದೆ.

ಗಂಟೆ ಲೆಕ್ಕದ ಜಾಮ್ ರೂಮಿನಲ್ಲಿ ಭೇಟಿಯಾದೆವು, ಬಾಡಿಗೆ ಅರ್ಧ ಅರ್ಧ. ರಸ್ತೆ ಬದಿಯಲ್ಲಿ ನಿಂತು ಇಂಥ ವ್ಯವಹಾರ ಬೇಡ. ಎರಡೂ ಗಿಟಾರ್ ಒಂದೇ ಆಂಪ್‌ನಲ್ಲಿ ಕೇಳಬೇಕು.

ನಾನು ಮೊದಲು ಆಂಪ್ ಮುಟ್ಟಲೇ ಇಲ್ಲ. ಸುಮ್ನೆ ಕೂತು ಪ್ರತಿ ತಂತಿಯ ಪ್ರತಿ ಫ್ರೆಟ್ ಒತ್ತಿ ನುಡಿಸಿದೆ. ಎಲ್ಲೂ ಸ್ವರ ಸಾಯಲಿಲ್ಲ. ಆರನೇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿದು ಏಳನೇ ಫ್ರೆಟ್ ಹತ್ತಿರದ ಸಂದಿ ನೋಡಿದೆ. ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ದರೆ ಸರಿ. ಇಲ್ಲಿ ಸ್ವಲ್ಪ ಜಾಸ್ತಿ ಇತ್ತು. ಅವರ ಒಪ್ಪಿಗೆ ಕೇಳಿ ಅಲೆನ್ ಕೀ ಹಾಕಿ ಕತ್ತಿನ ಬಾಗು ಸರಿಪಡಿಸುವ ಒಳಗಿನ ಕಂಬಿ, ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿದೆ. ನೆಕ್ ಮಾತು ಕೇಳಿತು. ಟ್ರಸ್ ರಾಡ್ ಕೆಲಸ ಮಾಡದಿದ್ದರೆ ಅಲ್ಲಿಗೇ ಥ್ಯಾಂಕ್ಸ್ ಹೇಳಿ ಎದ್ದು ಬರಬೇಕು. ಆಮೇಲೆ ಬಾಡಿಯನ್ನು ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟಿದೆ. ಒಳಗೆ ಏನಾದರೂ ಬಿಟ್ಟುಕೊಂಡಿದ್ದರೆ ಗಿರ್ ಅನ್ನುತ್ತದೆ. ಏನೂ ಅನ್ನಲಿಲ್ಲ.

ನಂತರ ಆಂಪ್‌ಗೆ ಹಾಕಿದೆವು. ನೆಕ್ ಪಿಕಪ್‌ನ ಮೊದಲ ಸ್ವರಕ್ಕೇ ನನ್ನ ಮನಸ್ಸು ಒಪ್ಪಿಬಿಟ್ಟಿತು. ಮುಖದ ಮೇಲೆ ತೋರಿಸಿಕೊಳ್ಳಲಿಲ್ಲ, ಚೌಕಾಸಿ ಬಾಕಿ ಇತ್ತಲ್ವಾ. ನೆಕ್ ವಾಲ್ಯೂಮ್ ತಿರುಗಿಸಿದರೆ ಕರಕರ. ಪಿಕಪ್ ಆರಿಸುವ ಟಾಗಲ್ ಸ್ವಿಚ್ ನಡುವೆ ಇಟ್ಟರೆ ಒಂದು ಪಿಕಪ್ ಬಂದು ಹೋಗಿ ಮಾಡುತ್ತಿತ್ತು. ವರ್ಷಗಟ್ಟಲೆ ಪೆಂಡಾಲಿನ ಧೂಳು ತಿಂದ ಗಿಟಾರ್, ಆಶ್ಚರ್ಯ ಇಲ್ಲ.

"ಅದೆಲ್ಲ ಏನಿಲ್ಲ ಸರ್, ಹತ್ತು ನಿಮಿಷದ ಕೆಲಸ," ಅಂದರು ಅವರು.

ಪೆಸಿಫಿಕಾದಲ್ಲಾದರೆ ನಿಜ. ಮುಂಭಾಗದ ಪ್ಲಾಸ್ಟಿಕ್ ಹಲಗೆ, ಪಿಕ್‌ಗಾರ್ಡ್‌ನ ಸ್ಕ್ರೂ ಬಿಚ್ಚಿದರೆ ಎಲ್ಲ ವೈರಿಂಗ್ ಕೈಗೆ ಬರುತ್ತದೆ. ಗಿಬ್ಸನ್ನಿನ ಲೆಸ್ ಪಾಲ್ ಗಿಟಾರಿಗೆ ಹಿಂದೆ ಮುಚ್ಚಳ ಇರುತ್ತದೆ. ಡಾಟ್‌ಗೆ ಈ ಎರಡು ದಾರಿಯೂ ಇಲ್ಲ. ಸ್ವಿಚ್, ನಾಬ್ ಕೆಳಗಿನ ಪಾಟ್, ಜ್ಯಾಕ್ ಎಲ್ಲವೂ ಎಫ್-ಹೋಲ್ ಮೂಲಕವೇ ಹೊರಗೆ ಬಂದು ಅದರ ಮೂಲಕವೇ ಒಳಗೆ ಹೋಗಬೇಕು. ಟೊಳ್ಳಿಲ್ಲದ ಸಾಲಿಡ್ ಬಾಡಿಯಲ್ಲಿ ಪುಡಿಗಾಸಿನ ರಿಪೇರಿ ಇಲ್ಲಿ ಒಂದು ಸಂಜೆಯನ್ನೇ ನುಂಗುತ್ತದೆ. ರಿಪೇರಿಯವರ ಬಳಿ ಕೊಟ್ಟರೆ ಬಿಡಿಭಾಗಕ್ಕಿಂತ ಕೂಲಿಯೇ ಜಾಸ್ತಿ. ಸೆಮಿ-ಹಾಲೋಗೆ ಬೆಲೆ ಕಟ್ಟುವಾಗ ನಾನು ಗೀರು, ಮಾಸಿದ ಬಣ್ಣ ನೋಡುವುದಿಲ್ಲ. ಮರಗೆಲಸ ಕೆಟ್ಟಿದ್ದರೆ ಬೇಡ ಅನ್ನುತ್ತೇನೆ. ವೈರಿಂಗ್ ಕೆಟ್ಟಿದ್ದರೆ ಬೆಲೆ ಇಳಿಸುತ್ತೇನೆ. ಇದನ್ನೇ ಅವರಿಗೂ ಬಿಡಿಸಿ ಹೇಳಿದೆ. ಸ್ಟೇಜಿನವರು, ಅರ್ಥವಾಯಿತು.

ಅವರು ಕೇಳಿದ್ದು ಪೆಸಿಫಿಕಾ ಜೊತೆಗೆ ಮೇಲೆ ನಾಲ್ಕು ಸಾವಿರ ರೂಪಾಯಿ. ಎರಡಕ್ಕೂ ಸೆಕೆಂಡ್ ಹ್ಯಾಂಡ್ ಬೆಲೆಯನ್ನೇ ಹಿಡಿಯೋಣ, ಹೊಸದರ ಬೆಲೆ ಮಾತಿಗೆ ಬರುವುದು ಬೇಡ ಅಂದೆ. ಕೊನೆಗೆ ಸಾವಿರದ ಐನೂರಕ್ಕೆ ನಿಂತಿತು, ಅವರ ಬ್ಯಾಗ್ ಸೇರಿ. ಬ್ಯಾಗ್ ಮರೆಯಬೇಡಿ. ಡಾಟ್‌ನ ಬಾಡಿ ಸುಮಾರು 16 ಇಂಚು ಅಗಲ, ಪೆಸಿಫಿಕಾದ ಬ್ಯಾಗಿಗೆ ಅದು ಹಿಡಿಸುವುದಿಲ್ಲ. ಒಂದು ಕಾಗದದಲ್ಲಿ ಎರಡೂ ಗಿಟಾರಿನ ಸೀರಿಯಲ್ ನಂಬರ್ ಬರೆದು ಇಬ್ಬರೂ ಸಹಿ ಹಾಕಿ ಫೋಟೋ ತೆಗೆದುಕೊಂಡೆವು.

ಮುಂದಿನ ಕೆಲಸ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡ್‌ನಲ್ಲಿ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮತ್ತು ಸೋಲ್ಡರ್ ಅಲ್ಲೇ ಸಿಕ್ಕಿತು. ಗಿಟಾರಿನ ಮೂರು ಸ್ಥಾನದ ಟಾಗಲ್ ಮಾತ್ರ ಮ್ಯೂಸಿಕ್ ಅಂಗಡಿಯಿಂದ. ಜೊತೆಗೆ ಮೀನಿನ ತೊಟ್ಟಿಗೆ ಗಾಳಿ ಬಿಡುವ ತೆಳು ಪ್ಲಾಸ್ಟಿಕ್ ಕೊಳವೆ ಒಂದು ಮೀಟರ್. ಇದೇ ಇಲ್ಲಿ ಮುಖ್ಯ ಸಲಕರಣೆ.

ವಾಲ್ಯೂಮ್ ಪಾಟ್‌ಗೆ ಬಿಚ್ಚುವ ಅಗತ್ಯ ಬರಲಿಲ್ಲ. ಸ್ಪ್ರೇ ಡಬ್ಬಿಯ ಉದ್ದ ಸ್ಟ್ರಾವನ್ನು ಎಫ್-ಹೋಲ್‌ನಿಂದ ತೂರಿಸಿ, ಪಾಟ್‌ನ ಕಾಲುಗಳ ಮೇಲಿನ ಸಣ್ಣ ಕಿಂಡಿಗೆ ಒಂದು ಚೂರು ಹೊಡೆದೆ. ನಾಬ್ ಆ ತುದಿಯಿಂದ ಈ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿದ ಮೇಲೆ ಕರಕರ ನಿಂತಿತು. ಟಾಗಲ್ ಇದಕ್ಕೆ ಬಗ್ಗಲಿಲ್ಲ. ಅದರ ಟೋಪಿ ತೆಗೆದು, ಕಡ್ಡಿಗೆ ಕೊಳವೆ ಬಿಗಿಯಾಗಿ ಸಿಕ್ಕಿಸಿ, ಸ್ವಿಚ್ ಬಿಗಿದಿದ್ದ ತಿರುಪು ನಟ್ ಬಿಚ್ಚಿ ಅದನ್ನು ಒಳಗೆ ತಳ್ಳಿದೆ. ಎಫ್-ಹೋಲ್‌ನಿಂದ ಅದನ್ನು ಹೊರಗೆಳೆದೆ. ವೈರುಗಳ ಫೋಟೋ ತೆಗೆದುಕೊಂಡು, ಬಾಡಿಯ ಮೇಲೆ ಹಳೆ ಟವೆಲ್ ಹಾಸಿ, ಹೊಸ ಸ್ವಿಚ್ ಬೆಸೆದೆ. ಕೊಳವೆಯ ಇನ್ನೊಂದು ತುದಿ ಇನ್ನೂ ಸ್ವಿಚ್‌ನ ತೂತಿನಲ್ಲೇ ಇತ್ತು. ಈ ತುದಿಯನ್ನು ಹೊಸ ಸ್ವಿಚ್‌ಗೆ ಸಿಕ್ಕಿಸಿ ಎಳೆದರೆ ಪೈಜಾಮಕ್ಕೆ ಲಾಡಿ ಪೋಣಿಸಿದ ಹಾಗೆ ಸರಿಯಾಗಿ ಜಾಗಕ್ಕೆ ಬಂದು ಕೂತುಕೊಳ್ಳುತ್ತದೆ. ಪಾಟ್‌ಗಳನ್ನೂ ಬದಲಿಸುವವರು ಒಂದು ನೋಡಿಕೊಳ್ಳಿ. ಅಮೆರಿಕದ ಇಂಚು ಅಳತೆಯ ಪಾಟ್‌ಗಳ ಕತ್ತು ದಪ್ಪ. ಏಷ್ಯಾದಲ್ಲಿ ತಯಾರಾದ ಗಿಟಾರಿನ ತೂತಿಗೆ ಸಾಮಾನ್ಯವಾಗಿ ಹಿಡಿಸುವುದಿಲ್ಲ. ಪ್ಲೈ ಕೊರೆಯಲು ಹೋದರೆ ಅಂಚು ಸೀಳುತ್ತದೆ.

ಸೆಟಪ್ ಬಗ್ಗೆ ಹೇಳಲು ಹೆಚ್ಚಿಲ್ಲ. 10-46 ದಪ್ಪದ ಸೆಟ್ಟಿನ ತಂತಿಗಳನ್ನು ಒಂದೊಂದಾಗಿ ಬದಲಿಸಿದೆ. ಎಲ್ಲ ಒಟ್ಟಿಗೆ ಬಿಚ್ಚಿದರೆ ಬ್ರಿಡ್ಜ್ ಕಳಚಿ ಬಾಡಿಯ ಮೇಲೆ ಬಿದ್ದು ಗೀರಬಹುದು. ಹನ್ನೆರಡನೇ ಫ್ರೆಟ್‌ನಲ್ಲಿ ದಪ್ಪ ತಂತಿ 2 ಮಿಲಿಮೀಟರ್, ಸಣ್ಣದು 1.5 ಎತ್ತರಕ್ಕೆ ತಂದೆ. ಮೂರನೇ ತಂತಿ ಟ್ಯೂನ್ ಮಾಡುವಾಗ ಟಿಂಗ್ ಅನ್ನುತ್ತಿತ್ತು. ತಂತಿ ಕೂರುವ ನಟ್‌ನ ಸೀಳಿಗೆ ಪೆನ್ಸಿಲ್ ಸೀಸ ತಿಕ್ಕಿದರೆ ಸಾಕಾಯಿತು.

ಪಿಕಪ್ ಬದಲಿಸ್ತೀರಾ ಅಂತ ಗೆಳೆಯರು ಕೇಳುತ್ತಾರೆ. ಸದ್ಯಕ್ಕೆ ಇಲ್ಲ. ನೆಕ್ ಟೋನ್ ಅರ್ಧಕ್ಕೆ ಇಳಿಸಿದರೆ ನನಗೆ ಬೇಕಾದ ಸದ್ದು ಇದರಲ್ಲೇ ಇದೆ. ಆಂಪ್ ಇಲ್ಲದಿದ್ದರೂ ರೂಮಿಗಾಗುವಷ್ಟು ಕೇಳಿಸುತ್ತದೆ, ಕರೆಂಟ್ ಹೋದಾಗಲೂ ನುಡಿಸಬಹುದು. ಆ ಸರ್ ಮೊನ್ನೆ ಒಂದು ವಿಡಿಯೋ ಕಳಿಸಿದ್ದರು. ಪೆಸಿಫಿಕಾದ ಬಾರ್ ಹಿಡಿದು ಏನು ಅಲುಗಾಡಿಸುತ್ತಾರೆ ಅಂತೀರಿ, ಸ್ಪ್ರಿಂಗ್ ಸ್ವಲ್ಪ ಬಿಗಿ ಮಾಡಿಸಿಕೊಳ್ಳಿ ಸರ್ ಅಂತ ಉತ್ತರ ಹಾಕಿದೆ.