ರೋಮನ್ ಸವಾರನ ಸಾಮಾನನ್ನು ಮ್ಯೂಸಿಯಂನಲ್ಲಿ ಓದುವುದು ಹೇಗೆ

ಲಂಡನ್ನಿಗೋ ಎಡಿನ್‌ಬರಾಗೋ ಹೋದವರು ಮ್ಯೂಸಿಯಂನ ರೋಮನ್ ಕೋಣೆಗೆ ಬಂದರೆ ಸೀದಾ ಮುಖವಾಡದ ಹೆಲ್ಮೆಟ್ ಹತ್ತಿರ ಹೋಗುತ್ತಾರೆ. ಒಂದು ಫೋಟೋ ತೆಗೆದು ಮುಂದಿನ ಕೋಣೆಗೆ ಹೊರಡುತ್ತಾರೆ. ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಹಸಿರುಗಟ್ಟಿದ ಹಿತ್ತಾಳೆ ಚೂರುಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಅಲ್ಲಿ ಯಾರೂ ನಿಲ್ಲುವುದಿಲ್ಲ. ನೀವು ಅಲ್ಲಿಂದಲೇ ಶುರು ಮಾಡಿ. ರೋಮನ್ ಸೈನಿಕ, ಅದರಲ್ಲೂ ಕುದುರೆ ಸವಾರ, ದಿನಾ ಹೇಗೆ ಬದುಕಿದ ಅನ್ನೋದು ಆ ಚೂರುಗಳಲ್ಲಿ ಜಾಸ್ತಿ ಸಿಗುತ್ತದೆ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಸವಾರನ ಸಾಮಾನಿನಲ್ಲಿ ಹೆಚ್ಚಿನ ಪಾಲು ಚರ್ಮ, ಬಟ್ಟೆ, ಮರ. ಇವೆಲ್ಲ ಮಣ್ಣಿನಲ್ಲಿ ಕೊಳೆತು ಹೋಗುತ್ತವೆ. ಕಬ್ಬಿಣ ತುಕ್ಕಿನ ಗಡ್ಡೆಯಾಗುತ್ತದೆ. ಉಳಿಯುವುದು ಕಂಚು, ಹಿತ್ತಾಳೆ. ಅಂದರೆ ನಿಮ್ಮ ಕಣ್ಣಿಗೆ ಬೀಳುವುದು ಇಡೀ ವಸ್ತುವಲ್ಲ, ಅದಕ್ಕೆ ಹೊಡೆದಿದ್ದ ಮೊಳೆ, ಬಕಲ್, ಕೊಂಡಿ ಮಾತ್ರ. ಹಾಗಾಗಿ ಪ್ರತಿ ಚೂರಿನ ಮುಂದೆಯೂ ಕೇಳಬೇಕಾದ ಮೊದಲ ಪ್ರಶ್ನೆ: ಇದರ ಹಿಂದೆ ಏನಿತ್ತು?

ಉತ್ತರ ಚೂರಿನ ಬೆನ್ನಿನಲ್ಲಿರುತ್ತದೆ. ಮುಂಭಾಗದ ಹೂವಿನ ಚಿತ್ತಾರ ಬಿಡಿ, ಪಕ್ಕಕ್ಕೆ ಹೋಗಿ, ಬಗ್ಗಿ, ಓರೆಯಾಗಿ ನೋಡಿ. ಒಂದು ಪುಟ್ಟ ಫಲಕದ ಹಿಂದೆ ಎರಡು ಮೊಳೆ ಚಾಚಿಕೊಂಡಿರುತ್ತವೆ. ಕೆಲವಕ್ಕೆ ತುದಿಯಲ್ಲಿ ಚಿಕ್ಕ ಬಿಲ್ಲೆ ಹಾಕಿ ಬಡಿದು ಅಗಲ ಮಾಡಿರುತ್ತಾರೆ, ನಮ್ಮ ವಾಷರ್ ಇದ್ದ ಹಾಗೆ. ಬಿಲ್ಲೆಗೂ ಫಲಕಕ್ಕೂ ನಡುವೆ ಮೂರೋ ನಾಲ್ಕೋ ಮಿಲಿಮೀಟರ್ ಖಾಲಿ ಜಾಗ. ಆ ಖಾಲಿ ಜಾಗವೇ ಚರ್ಮ! ಸಾವಿರದ ಎಂಟುನೂರು ವರ್ಷದ ಹಿಂದೆ ಕೊಳೆತು ಹೋದ ಪಟ್ಟಿಯ ದಪ್ಪವನ್ನು ನೀವು ಈಗ ಅಳೆಯಬಹುದು. ನನಗೆ ಇದು ಮೊದಲ ಸಲ ಕಂಡ ದಿನ ಆ ಪೆಟ್ಟಿಗೆ ಬಿಟ್ಟು ಕದಲಲು ಮನಸ್ಸೇ ಬರಲಿಲ್ಲ.

ಮುಂದೆ ದುಂಡು ಬಿಲ್ಲೆಗಳು. ಇವು ಕುದುರೆಯ ಎದೆ, ಹಿಂಭಾಗ ಮತ್ತು ತಲೆಯ ಪಟ್ಟಿಗಳು ಒಂದನ್ನೊಂದು ಕೂಡುವ ಜಾಗದಲ್ಲಿ ಇರುತ್ತಿದ್ದವು. ಬೆನ್ನಿನ ಕೊಂಡಿಗಳನ್ನು ಎಣಿಸಿ. ಮೂರು ಇದ್ದರೆ ಮೂರು ಪಟ್ಟಿ ಅಲ್ಲಿ ಸೇರುತ್ತಿದ್ದವು ಎಂದರ್ಥ. ಬಿಲ್ಲೆಯ ಕೆಳಗೆ ಎಲೆಯಂತೆ, ಅರ್ಧಚಂದ್ರದಂತೆ, ನೀರಿನ ಹನಿಯಂತೆ ಪದಕಗಳು ತೂಗುತ್ತಿದ್ದವು. ಅವುಗಳ ಮೇಲಿನ ತೂತನ್ನೇ ನೋಡಿ. ದುಂಡಗೇ ಇದ್ದರೆ ಜಾಸ್ತಿ ಬಳಕೆಯಾಗಿಲ್ಲ. ಒಂದು ಕಡೆಗೆ ಉದ್ದವಾಗಿ ಸವೆದಿದ್ದರೆ ಕುದುರೆ ನಡೆದಾಗಲೆಲ್ಲ ಅದು ನೇತಾಡಿ ನೇತಾಡಿ ಲೋಹ ತಿಂದಿದೆ. ಸಾವಿರಾರು ಮೈಲಿ ನಡೆದ ಗುರುತು ಆ ಒಂದು ತೂತಿನಲ್ಲಿದೆ.

ಬ್ರಿಟಿಷ್ ಮ್ಯೂಸಿಯಂನಲ್ಲಿ ಜರ್ಮನಿಯ ಕ್ಸಾಂಟೆನ್ ಹತ್ತಿರ ಸಿಕ್ಕ ಇಂಥ ಬಿಲ್ಲೆಗಳಿವೆ, ತಪ್ಪಿಸಬೇಡಿ. ಅದರಲ್ಲೊಂದರ ಮೇಲೆ ಚುಕ್ಕಿ ಹೊಡೆದು ಬರೆದ ಅಕ್ಷರಗಳಿವೆ: ‘ಪ್ಲಿನಿಯೋ ಪ್ರೈಫ್ ಎಕ್’. ಪ್ಲಿನಿ ಅಶ್ವದಳದ ಅಧಿಕಾರಿಯಾಗಿದ್ದಾಗ, ಎಂದು ಅರ್ಥ. ಇದು ನಮಗೂ ಗೊತ್ತಿರುವ ರೋಮನ್ ಲೇಖಕ ಹಿರಿಯ ಪ್ಲಿನಿಯೇ. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯ ರೋಮ್‌ನಿಂದ ಎಳೆದುಕೊಳ್ಳುತ್ತಿದೆ ಎಂದು ಬರೆದವನು, ಕೇರಳದ ಮುಜಿರಿಸ್ ಬಂದರಿನ ಹತ್ತಿರ ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ ಎಂದು ಎಚ್ಚರಿಸಿದವನು. ನಿತ್ರಿಯಾಸ್ ಅಂದರೆ ನೇತ್ರಾವತಿಯ ದಡದ ಊರು, ಇವತ್ತಿನ ಮಂಗಳೂರಿನ ಕಡೆ, ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ನಮ್ಮ ಕರಾವಳಿಯ ಬಗ್ಗೆ ಬರೆಯುವ ಮೊದಲು ಆ ಮನುಷ್ಯ ರೈನ್ ನದಿಯ ಗಡಿಯಲ್ಲಿ ಸವಾರರನ್ನು ನಡೆಸುತ್ತಿದ್ದ, ಅವನ ಕೈಕೆಳಗಿದ್ದ ಒಬ್ಬನ ಕುದುರೆಯ ಮೈಮೇಲೆ ಈ ಬಿಲ್ಲೆ ಇತ್ತು.

ಈಗ ಜೀನು. ರೋಮನ್ ಸವಾರರಿಗೆ ರಿಕಾಪು ಇರಲಿಲ್ಲ. ಕಾಲಿಡಲು ಏನೂ ಇಲ್ಲದೆ ಈಟಿ ಎಸೆದು, ಕತ್ತಿ ಬೀಸಿ, ಬೀಳದೆ ಹೇಗೆ ಕೂತಿದ್ದರು? ಉತ್ತರ ಜೀನಿನ ನಾಲ್ಕು ಕೊಂಬುಗಳಲ್ಲಿದೆ. ಮುಂದೆ ಎರಡು, ಹಿಂದೆ ಎರಡು. ಮುಂದಿನವು ತೊಡೆಯನ್ನು ಹಿಡಿಯುತ್ತವೆ, ಹಿಂದಿನವು ಸೊಂಟವನ್ನು ತಡೆಯುತ್ತವೆ. ನೆದರ್ಲೆಂಡ್ಸ್‌ನ ಫಾಲ್ಕೆನ್‌ಬರ್ಗ್‌ನಲ್ಲಿ ಒದ್ದೆ ಮಣ್ಣಿನಲ್ಲಿ ಉಳಿದ ಜೀನಿನ ಚರ್ಮದ ಹೊದಿಕೆ ಸಿಕ್ಕಿತು. ಸ್ಕಾಟ್ಲೆಂಡಿನ ನ್ಯೂಸ್ಟೆಡ್‌ನಲ್ಲಿ ಕೊಂಬಿಗೆ ಹಾಕುವ ಬಾಗಿದ ಕಂಚಿನ ತಗಡುಗಳು ಸಿಕ್ಕವು. ಪೀಟರ್ ಕಾನೊಲಿ ಎಂಬ ಚಿತ್ರಕಾರ ಇಂಥ ಚರ್ಮ ಮತ್ತು ತಗಡುಗಳನ್ನೂ ಗೋರಿಕಲ್ಲುಗಳ ಚಿತ್ರಗಳನ್ನೂ ಜೋಡಿಸಿ 1980ರ ದಶಕದಲ್ಲಿ ಜೀನನ್ನು ಮತ್ತೆ ಮಾಡಿದರು, ಕುದುರೆಯ ಮೇಲೆ ಹಾಕಿ ಓಡಿಸಿ ನೋಡಿದರು. ರಿಕಾಪಿಲ್ಲದೆಯೂ ಸವಾರ ಗಟ್ಟಿಯಾಗಿ ಕೂರಬಲ್ಲ ಎಂದು ಗೊತ್ತಾಯಿತು. ನೀವು ಎಡಿನ್‌ಬರಾದ ಮ್ಯೂಸಿಯಂನಲ್ಲಿ ಆ ತಗಡುಗಳ ಮುಂದೆ ನಿಂತಾಗ ಅಂಚಿನ ಸುತ್ತಲಿನ ತೂತುಗಳನ್ನು ಗಮನಿಸಿ. ಕೆಳಗೆ ಏನೋ ಇತ್ತು, ಅದಕ್ಕೆ ಈ ತಗಡನ್ನು ಕೂರಿಸಿದ್ದರು ಎಂದು ಹೇಳುವುದು ಆ ತೂತುಗಳೇ.

ಹೆಲ್ಮೆಟ್‌ಗೆ ಬಂದಾಗ ಮುಖಕ್ಕಿಂತ ಮುಂಚೆ ಕುತ್ತಿಗೆ ನೋಡಿ. ಹಿಂಬದಿಯ ಕತ್ತಿನ ತಗಡಿನ ಮೇಲೆ ಹೆಸರು ಕೊರೆಯುವುದು ವಾಡಿಕೆ. ಲಂಡನ್ನಿನಲ್ಲೇ ಸಿಕ್ಕ ಒಂದು ಸಾದಾ ಕಾಲಾಳು ಹೆಲ್ಮೆಟ್ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಅದರ ಮೇಲೆ ನಾಲ್ಕು ಜನರ ಹೆಸರಿದೆ. ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ತೊಟ್ಟಿದ್ದಾನೆ. ‘ಒಬ್ಬ ಸೈನಿಕ, ಒಂದು ಹೊಸ ಹೆಲ್ಮೆಟ್’ ಎಂದು ಸಿನಿಮಾದಲ್ಲಿ ನೋಡಿದ್ದನ್ನು ಇಲ್ಲಿ ಬಿಟ್ಟುಬಿಡಿ.

ಪಟ್ಟಿ ಪಟ್ಟಿ ಕಬ್ಬಿಣದ ಕವಚ ಎಲ್ಲರಿಗೂ ಗೊತ್ತು. ಅದನ್ನು ‘ಲೋರಿಕಾ ಸೆಗ್ಮೆಂಟಾಟಾ’ ಎನ್ನುತ್ತಾರೆ, ಆದರೆ ಅದು ರೋಮನ್ನರು ಇಟ್ಟ ಹೆಸರಲ್ಲ, ಎಷ್ಟೋ ಶತಮಾನಗಳ ನಂತರದ ವಿದ್ವಾಂಸರು ಕೊಟ್ಟದ್ದು. ಇದು ಹೇಗೆ ಜೋಡಣೆಯಾಗುತ್ತಿತ್ತು ಎಂದು ಸರಿಯಾಗಿ ಗೊತ್ತಾದದ್ದು 1964ರಲ್ಲಿ, ಉತ್ತರ ಇಂಗ್ಲೆಂಡಿನ ರೋಮನ್ ಗಡಿಗೋಡೆಯಾದ ಹೇಡ್ರಿಯನ್ ಗೋಡೆಯ ಹತ್ತಿರದ ಕಾರ್‌ಬ್ರಿಜ್‌ನಲ್ಲಿ ಒಂದು ಮರದ ಪೆಟ್ಟಿಗೆ ಸಿಕ್ಕ ಮೇಲೆ. ಒಳಗೆ ಕವಚದ ಭಾಗಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ತುಕ್ಕಿನಲ್ಲೇ ಒಳಗಿನ ಚರ್ಮದ ಪಟ್ಟಿಗಳ ಗುರುತು ಉಳಿದಿತ್ತು. ಆ ಗುರುತು ಹಿಡಿದು ಕವಚಗಳ ತಜ್ಞ ರಸೆಲ್ ರಾಬಿನ್ಸನ್ ಕವಚವನ್ನು ಮತ್ತೆ ಕಟ್ಟಿದರು. ಇಂಥ ಕವಚ ನೋಡುವಾಗ ಹಿತ್ತಾಳೆ ಕೀಲುಗಳ ಮೇಲೆ ಕಣ್ಣಿಡಿ. ತೆಳು ತಗಡು, ಬೇಗ ಮುರಿಯುತ್ತಿತ್ತು. ಹಾಗಾಗಿಯೇ ರೋಮನ್ ಕೋಟೆಗಳ ಮಣ್ಣಿನಲ್ಲಿ ಬಿಡಿ ಕೀಲುಗಳು ಅಷ್ಟೊಂದು ಸಿಗುತ್ತವೆ. ಕೀಲಿನ ಜಾಗದಲ್ಲಿ ನೇರವಾಗಿ ರಿವೆಟ್ ಬಡಿದಿದ್ದರೆ ಅದು ರಿಪೇರಿ. ರಿಪೇರಿ ಸಿಕ್ಕರೆ ಬಿಡಬೇಡಿ, ಅಲ್ಲಿ ಒಬ್ಬ ಕಮ್ಮಾರ ನಿಂತಿದ್ದಾನೆ.

ಎರಡನೇ ದೊಡ್ಡ ಪ್ರಶ್ನೆ: ಇದು ಮಣ್ಣಿಗೆ ಹೇಗೆ ಸೇರಿತು? ಲೇಬಲ್‌ನಲ್ಲಿ ಊರಿನ ಹೆಸರಷ್ಟೇ ಓದಿ ಸುಮ್ಮನಾಗಬೇಡಿ. ಜರ್ಮನಿಯ ಕಾಲ್‌ಕ್ರೀಜ಼ದ ಮುಖವಾಡವನ್ನೇ ತೆಗೆದುಕೊಳ್ಳಿ. ಅದು ಕ್ರಿ.ಶ. 9ರಲ್ಲಿ ಜರ್ಮನ್ ಪಂಗಡಗಳು ರೋಮನ್ ಸೇನೆಯನ್ನು ಸೋಲಿಸಿದ ಯುದ್ಧಭೂಮಿ ಎಂದು ಹೆಚ್ಚಿನವರು ಒಪ್ಪುವ ಜಾಗ. ಮುಖವಾಡ ಕಬ್ಬಿಣದ್ದು, ಮೇಲೆ ಬೆಳ್ಳಿಯ ಹೊದಿಕೆ ಇತ್ತು. ಆ ಬೆಳ್ಳಿಯನ್ನು ಕಿತ್ತುಕೊಂಡು ಹೋಗಿದ್ದಾರೆ. ಗೆದ್ದವರು ಬೆಳ್ಳಿ ಸುಲಿದು ಕಬ್ಬಿಣ ಎಸೆದರು. ನ್ಯೂಸ್ಟೆಡ್‌ನಲ್ಲಿ ಬೇರೆ ಕತೆ: ಜೇಮ್ಸ್ ಕರ್ಲ್ 1905ರಿಂದ 1910ರವರೆಗೆ ಅಗೆಸಿದಾಗ ನೂರಕ್ಕೂ ಹೆಚ್ಚು ಗುಂಡಿಗಳು ಸಿಕ್ಕವು, ಒಳ್ಳೊಳ್ಳೆ ಹೆಲ್ಮೆಟ್‌ಗಳು ಅಂಥ ಗುಂಡಿಗಳ ಒಳಗೇ ಇದ್ದವು. ಸಿರಿಯಾದ ದುರಾ ಯೂರೋಪೋಸ್‌ನಲ್ಲಿ ಮುತ್ತಿಗೆಯ ಹೊತ್ತಿಗೆ ಗೋಡೆ ಬಲಪಡಿಸಲು ಸುರಿದ ಮಣ್ಣಿನಲ್ಲಿ, ಮರುಭೂಮಿಯ ಒಣ ಹವೆಯಿಂದಾಗಿ, ಬಣ್ಣ ಬಳಿದ ಮರದ ಗುರಾಣಿ, ಕುದುರೆಗೆ ಹೊದಿಸುವ ಲೋಹದ ಪೊರೆಗಳ ಕವಚ ಎಲ್ಲವೂ ಬಟ್ಟೆ ಸಮೇತ ಉಳಿದವು. ಮರದ ಗುರಾಣಿ ಬೇರೆ ಕಡೆ ಯಾಕೆ ಅಪರೂಪ ಅಂದರೆ, ರೋಮನ್ನರು ಮಾಡಲಿಲ್ಲವೆಂದಲ್ಲ, ಮಣ್ಣು ಉಳಿಸಲಿಲ್ಲ.

ವಸ್ತು ಮಣ್ಣಿನ ಯಾವ ಪದರದಲ್ಲಿ ಸಿಕ್ಕಿತು ಎಂಬುದು ಎಷ್ಟು ಮುಖ್ಯ ಅನ್ನೋದನ್ನು ನಮ್ಮ ದೇಶದಲ್ಲಿ ಕಲಿಸಿದವರಲ್ಲಿ ಒಬ್ಬರು ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್. ಚಿತ್ರದುರ್ಗದ ಚಂದ್ರವಳ್ಳಿಯನ್ನು 1947ರಲ್ಲಿ ಅಗೆಸಿದ ಇದೇ ವೀಲರ್ ಅದಕ್ಕೂ ಕಾಲು ಶತಮಾನ ಮುಂಚೆ ವೇಲ್ಸ್‌ನ ಸೆಗೋಂಟಿಯಂ ರೋಮನ್ ಕೋಟೆಯನ್ನು ಅಗೆದಿದ್ದರು.

ಪದರ ಕಳೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಕ್ರಾಸ್‌ಬಿ ಗ್ಯಾರೆಟ್ ಹೆಲ್ಮೆಟ್ ನೋಡಿ. 2010ರಲ್ಲಿ ಇಂಗ್ಲೆಂಡಿನ ಕಂಬ್ರಿಯಾದ ಹೊಲದಲ್ಲಿ ಲೋಹಶೋಧಕ ಹಿಡಿದು ಹೋದವರಿಗೆ ಹತ್ತಾರು ಚೂರುಗಳಾಗಿ ಸಿಕ್ಕಿತು. ತಜ್ಞರು ಪೂರ್ತಿ ಅಧ್ಯಯನ ಮಾಡುವ ಮೊದಲೇ ಚೂರುಗಳನ್ನು ಜೋಡಿಸಿ, ಹೊಳೆಯುವಂತೆ ಮಾಡಿ, ಅದೇ ವರ್ಷ ಹರಾಜು ಹಾಕಿದರು. 22 ಲಕ್ಷ ಪೌಂಡಿಗೂ ಮೀರಿ ಹೋಗಿ ಖಾಸಗಿಯವರ ಪಾಲಾಯಿತು. ಆಗಿನ ಕಾನೂನಿನಲ್ಲಿ ಒಂಟಿ ಕಂಚಿನ ವಸ್ತು ‘ನಿಧಿ’ ಎಂದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಕಾನೂನು ಬದಲಾದದ್ದು 2023ರಲ್ಲಿ. ನನಗೆ ಇವತ್ತಿಗೂ ಆ ವಿಷಯದಲ್ಲಿ ಬೇಜಾರಿದೆ. ಆದ್ದರಿಂದ ತುಂಬಾ ನುಣುಪಾಗಿ ಕಾಣುವ ಯಾವುದೇ ಹೆಲ್ಮೆಟ್ ಮುಂದೆ ನಿಂತಾಗ ಎಷ್ಟು ಹಳೆಯದು, ಎಷ್ಟು ಹೊಸದಾಗಿ ತುಂಬಿಸಿದ್ದು ಎಂದು ಹುಡುಕಿ. ಒಳ್ಳೆ ಮ್ಯೂಸಿಯಂನವರು ತುಂಬಿಸಿದ ಜಾಗದ ಬಣ್ಣವನ್ನು ಬೇಕೆಂದೇ ಸ್ವಲ್ಪ ಬೇರೆ ಇಟ್ಟಿರುತ್ತಾರೆ.

ಕಲ್ಲಿನ ಮೇಲಿನ ಚಿತ್ರಗಳನ್ನು ಕೊನೆಗೆ ನೋಡಿ, ಮೊದಲಿಗಲ್ಲ. ಡೇಸಿಯಾ ಯುದ್ಧದ ಚಿತ್ರಗಳಿರುವ, ರೋಮ್‌ನ ಟ್ರಾಜನ್ ಸ್ತಂಭದಲ್ಲಿ ಲೀಜನ್ (ರೋಮನ್ ಕಾಲಾಳು ಪಡೆ) ಸೈನಿಕರೆಲ್ಲ ಪಟ್ಟಿ ಕವಚ ತೊಟ್ಟಿದ್ದಾರೆ. ಅದೇ ಯುದ್ಧದ ನೆನಪಿಗೆ ಈಗಿನ ರೊಮೇನಿಯಾದ ಆಡಮ್‌ಕ್ಲಿಸಿಯಲ್ಲಿ ಕಟ್ಟಿದ ಸ್ಮಾರಕದಲ್ಲಿ ಪುಟ್ಟ ಬಳೆಗಳನ್ನು ಹೆಣೆದ ಕವಚ, ಪೊರೆ ಕವಚ, ಬಲಗೈಗೆ ತೋಳಿನ ಕವಚ ಕಾಣುತ್ತದೆ. ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ 2001ರಲ್ಲಿ ಅಂಥ ತೋಳಿನ ಕವಚವೇ ಮಣ್ಣಿನಿಂದ ಎದ್ದು ಬಂತು. ವಸ್ತು ಒಂದು ಹೇಳಿ ಕಲ್ಲು ಇನ್ನೊಂದು ಹೇಳಿದರೆ ನಾನು ವಸ್ತುವಿನ ಕಡೆ. ಆದರೂ ಲ್ಯಾಂಕಾಸ್ಟರ್‌ನಲ್ಲಿ 2005ರಲ್ಲಿ ಸಿಕ್ಕ ಇನ್ಸಸ್ ಎಂಬ ಸವಾರನ ಗೋರಿಕಲ್ಲಿನಂಥವನ್ನು ತಪ್ಪದೆ ನೋಡಿ. ಬಿಡಿ ಬಿಲ್ಲೆಗಳು ಕುದುರೆಯ ಮೈಮೇಲೆ ಎಲ್ಲೆಲ್ಲಿ ಕೂರುತ್ತಿದ್ದವು ಎಂಬುದು ಇಂಥ ಕಲ್ಲುಗಳಿಂದ ತಿಳಿಯುತ್ತದೆ.

ಹೋಗುವಾಗ ಒಂದು ಚಿಕ್ಕ ಪುಸ್ತಕ, ಪೆನ್ಸಿಲ್ ಇರಲಿ. ಫೋಟೋ ತೆಗೆದರೆ ಸಾಲದು, ಬರೆಯಿರಿ. ಚಿತ್ರ ಕೆಟ್ಟದಾಗಿದ್ದರೂ ಪರವಾಗಿಲ್ಲ, ಬರೆಯುವಾಗ ಕೈ ನಿಲ್ಲುವ ಜಾಗದಲ್ಲಿ ಕಣ್ಣೂ ನಿಲ್ಲುತ್ತದೆ. ಒಂದು ದಿನಕ್ಕೆ ಐದು ವಸ್ತು ಸಾಕು.

ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಕೂತವರಿಗೂ ದಾರಿ ಇದೆ. ಬ್ರಿಟಿಷ್ ಮ್ಯೂಸಿಯಂನ ಸಂಗ್ರಹ ಆನ್‌ಲೈನ್‌ನಲ್ಲಿ ಉಚಿತ. ಅದಕ್ಕಿಂತ ನನಗೆ ಇಷ್ಟ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ದಾಖಲೆಗಳು. ಹೊಲಗಳಲ್ಲಿ ಸಾಮಾನ್ಯ ಜನರಿಗೆ ಸಿಕ್ಕ ವಸ್ತುಗಳನ್ನು ಅಲ್ಲಿ ದಾಖಲಿಸುತ್ತಾರೆ, ಎಷ್ಟೋ ಸಲ ಮುಂದೆ, ಹಿಂದೆ, ಪಕ್ಕ ಮೂರೂ ಕಡೆಯಿಂದ ಫೋಟೋ ಇರುತ್ತದೆ. ಗಾಜಿನ ಪೆಟ್ಟಿಗೆ ತೋರಿಸದ ಬೆನ್ನನ್ನು ಅಲ್ಲಿ ಆರಾಮಾಗಿ ನೋಡಬಹುದು. ರೋಮನ್ ಕಾಲದ ಕುದುರೆ ಪದಕಗಳನ್ನು ಹುಡುಕಿ, ಲೇಬಲ್ ಓದುವ ಮೊದಲು ತೂತಿನ ಸವೆತ ನೋಡಿ ನೀವೇ ಊಹಿಸಿ, ಆಮೇಲೆ ಓದಿ. ಮಣ್ಣಿನಲ್ಲೇ ಕೈ ಹಾಕಬೇಕು ಅನ್ನಿಸಿದರೆ ಹೇಡ್ರಿಯನ್ ಗೋಡೆಯ ಹತ್ತಿರದ ರೋಮನ್ ಕೋಟೆ ವಿಂಡೊಲಾಂಡಾದಲ್ಲಿ ಪ್ರತಿ ವರ್ಷ ಹಣ ಕಟ್ಟಿ ಬರುವ ಸ್ವಯಂಸೇವಕರನ್ನು ಅಗೆತಕ್ಕೆ ಸೇರಿಸಿಕೊಳ್ಳುತ್ತಾರೆ. ಅಲ್ಲಿನ ಒದ್ದೆ, ಗಾಳಿಯಾಡದ ಮಣ್ಣಿನಿಂದ ಸಾವಿರಾರು ಚರ್ಮದ ಬೂಟುಗಳು ಬಂದಿವೆ. 2017ರಲ್ಲಿ ಅಲ್ಲಿನ ಅಶ್ವದಳದ ವಸತಿಯ ನೆಲದಲ್ಲಿ ಎರಡು ಕತ್ತಿಗಳೂ ಕುದುರೆ ಪಟ್ಟಿಯ ಹಿತ್ತಾಳೆ ಸಾಮಾನೂ ಸಿಕ್ಕವು, ಹಿತ್ತಾಳೆ ಇನ್ನೂ ಹಳದಿಯಾಗಿ ಹೊಳೆಯುತ್ತಿತ್ತು.