‘ಎಲೆಕ್ಟ್’ ಕ್ರಿಯಾಪದವನ್ನು ನಾನು ಕಲಿಸುವ ಬಗೆ

ನಾನು ಸರ್ಕಾರಿ ಪ್ರೌಢಶಾಲೆಯೊಂದರ ಇಂಗ್ಲಿಷ್ ಶಿಕ್ಷಕಿ. ‘ಎಲೆಕ್ಟ್’ ಪದದ ಪಾಠವನ್ನು ಪಠ್ಯಪುಸ್ತಕದ ಸರದಿಗೆ ಬಿಡದೆ, ಶಾಲಾ ಸಂಸತ್ತಿನ ಚುನಾವಣೆಯ ಮರುದಿನವೇ ಎತ್ತಿಕೊಳ್ಳುತ್ತೇನೆ. ಬೆರಳಿನ ಶಾಯಿ ಅಳಿಸಿರುವುದಿಲ್ಲ, ಯಾರಿಗೆ ಎಷ್ಟು ಮತ ಬಿತ್ತೆಂಬ ವಾದವೂ ಮುಗಿದಿರುವುದಿಲ್ಲ. ಹೇಳುವುದಕ್ಕೆ ಮಕ್ಕಳ ಬಳಿ ಬೇಕಾದಷ್ಟು ಇರುತ್ತದೆ.

ನಿನ್ನೆಯ ಫಲಿತಾಂಶವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ ಎನ್ನುತ್ತೇನೆ. ಪ್ರತಿ ವರ್ಷ ಹೆಚ್ಚಿನ ನೋಟ್‌ಬುಕ್‌ಗಳಲ್ಲಿ ಕಾಣುವುದು ಇದು: ‘ಶಿ ಎಲೆಕ್ಟೆಡ್ ಪ್ರೈಮ್ ಮಿನಿಸ್ಟರ್’. ಅದನ್ನು ಅಜಾಗರೂಕತೆ ಎಂದು ಕೆಂಪು ಗೆರೆ ಎಳೆಯಲು ನನಗೆ ಮನಸ್ಸು ಬರುವುದಿಲ್ಲ. ಕನ್ನಡದಲ್ಲಿ ‘ಅವಳು ಪ್ರಧಾನಿಯಾಗಿ ಆಯ್ಕೆಯಾದಳು’ ಎಂದರೆ ಮುಗಿಯಿತು. ಆರಿಸಿದವರು ವಾಕ್ಯದಲ್ಲಿ ಕಾಣಿಸಬೇಕಾಗಿಲ್ಲ, ಕರ್ಮಣಿ ಪ್ರಯೋಗದ ಗೊಡವೆಯೂ ಇಲ್ಲ. ಮಗು ಅದೇ ಜಾಡು ಹಿಡಿದು ಇಂಗ್ಲಿಷಿಗೆ ಬಂದಿರುತ್ತದೆ. ಆದರೆ ಇಂಗ್ಲಿಷಿನಲ್ಲಿ ‘ಎಲೆಕ್ಟ್’ ಮಾಡುವವನು ಮತದಾರ.

ಇದು ನಾಟುವುದು ಬಾಯಿಮಾತಿನಲ್ಲೇ. ಗೆದ್ದ ಹುಡುಗಿಯನ್ನು ಮುಂದೆ ನಿಲ್ಲಿಸುತ್ತೇನೆ. ತರಗತಿಯವರು ಅವಳಿಗೆ ‘ವಿ ಎಲೆಕ್ಟೆಡ್ ಯು’ ಎನ್ನಬೇಕು, ಅವಳು ‘ಐ ವಾಸ್ ಎಲೆಕ್ಟೆಡ್’ ಎನ್ನಬೇಕು. ‘ವಾಸ್’ ನುಂಗಿ ‘ಐ ಎಲೆಕ್ಟೆಡ್’ ಎಂದಳೋ, ಎಲ್ಲರೂ ಒಟ್ಟಾಗಿ ‘ಯಾರನ್ನು?’ ಎಂದು ಕೇಳಬೇಕು. ಆ ಪ್ರಶ್ನೆ ಕಿವಿಗೆ ಬಿದ್ದವರು ಮತ್ತೆ ‘ವಾಸ್’ ಬಿಡುವುದು ಅಪರೂಪ.

ಒಬ್ಬರಿಗಷ್ಟೇ ಸಲ್ಲುವ ಹುದ್ದೆಯಾದರೆ ಅದರ ಹಿಂದೆ ‘ದಿ’ ಬೇಡ: ‘ಎಲೆಕ್ಟೆಡ್ ಹರ್ ಪ್ರೆಸಿಡೆಂಟ್’. ನಡುವೆ ‘ಆ್ಯಸ್’ ಹಾಕಿದರೂ ಸರಿಯೇ. ಸದನದ ಹೆಸರು ಬಂದಾಗ ‘ಟು’ ಬೇಕು: ‘ಎಲೆಕ್ಟೆಡ್ ಟು ದಿ ಅಸೆಂಬ್ಲಿ’.

ಇನ್ನೊಂದು ತೊಡಕು ‘ಸೆಲೆಕ್ಟ್’. ಶಾಸಕರೂ ಆಯ್ಕೆಯಾಗುತ್ತಾರೆ, ಕ್ರಿಕೆಟ್ ತಂಡಕ್ಕೂ ಆಯ್ಕೆ ನಡೆಯುತ್ತದೆ, ಶಿಕ್ಷಕರ ನೇಮಕಾತಿಗೂ ಆಯ್ಕೆ ಪಟ್ಟಿ ಇರುತ್ತದೆ. ಹೀಗಾಗಿ ‘ಸೆಲೆಕ್ಟೆಡ್ ಎಂಎಲ್ಎ’ ಎಂದು ಬರೆಯುತ್ತಾರೆ. ನಾನು ಕಪ್ಪುಹಲಗೆಯಲ್ಲಿ ನಾಲ್ಕು ಕಂಬಸಾಲು ಎಳೆಯುತ್ತೇನೆ: ಎಲೆಕ್ಟ್, ಸೆಲೆಕ್ಟ್, ಅಪಾಯಿಂಟ್, ನಾಮಿನೇಟ್. ಹುದ್ದೆಗಳ ಹೆಸರು ಹೇಳುತ್ತಾ ಹೋದಂತೆ ಮಕ್ಕಳು ಬಂದು ತುಂಬಬೇಕು. ಗ್ರಾಮ ಪಂಚಾಯಿತಿ ಸದಸ್ಯರು ಸುಲಭವಾಗಿ ಮೊದಲ ಸಾಲಿಗೆ ಹೋಗುತ್ತಾರೆ. ಸದಸ್ಯರೇ ತಮ್ಮೊಳಗಿಂದ ಚುನಾಯಿಸುವ ಅಧ್ಯಕ್ಷರೂ ಅಲ್ಲಿಗೇ. ಪಿಡಿಒ ಮೂರನೆಯ ಸಾಲಿಗೆ, ರಾಜ್ಯಪಾಲರೂ ಮೂರನೆಯದಕ್ಕೆ.

ಜಗಳ ಶುರುವಾಗುವುದು ದೇಶದ ಪ್ರಧಾನಿಯ ವಿಷಯದಲ್ಲಿ. ಶಾಲಾ ಸಂಸತ್ತಿನಲ್ಲಿ ಪ್ರಧಾನಿಗೆ ನೇರವಾಗಿ ಮತ ಹಾಕಿದ ಮಕ್ಕಳು ದೇಶದಲ್ಲೂ ಹಾಗೆಯೇ ಎಂದುಕೊಂಡಿರುತ್ತಾರೆ. ನಾವು ಸಂಸದರನ್ನು ‘ಎಲೆಕ್ಟ್’ ಮಾಡುತ್ತೇವೆ. ಪ್ರಧಾನಿಯನ್ನು ರಾಷ್ಟ್ರಪತಿ ‘ಅಪಾಯಿಂಟ್’ ಮಾಡುತ್ತಾರೆ, ಸಂವಿಧಾನದ 75ನೇ ವಿಧಿ ಬಳಸಿರುವುದೂ ಆ ಪದವನ್ನೇ. ರಾಷ್ಟ್ರಪತಿ ಮಾತ್ರ ಚುನಾಯಿತರು. ಅವರಿಗೆ ಮತ ಹಾಕುವವರು ಚುನಾಯಿತ ಸಂಸದರು ಮತ್ತು ಶಾಸಕರು. ರಾಜ್ಯಸಭೆಯ 12 ನಾಮನಿರ್ದೇಶಿತ ಸದಸ್ಯರಿಗೆ ಆ ಮತವಿಲ್ಲ. ‘ಎಲೆಕ್ಟೆಡ್’ ಎಂಬ ಒಂದು ವಿಶೇಷಣಕ್ಕೆ ಎಷ್ಟು ತೂಕವಿದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನಮ್ಮ ವಿಧಾನ ಪರಿಷತ್ತು ಇನ್ನೂ ಸೊಗಸಾದ ಅಭ್ಯಾಸ. 75 ಸದಸ್ಯರಲ್ಲಿ 25 ಮಂದಿಯನ್ನು ಶಾಸಕರು, 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳು, 7 ಮಂದಿಯನ್ನು ಪದವೀಧರರು, 7 ಮಂದಿಯನ್ನು ನನ್ನಂಥ ಶಿಕ್ಷಕರು ಚುನಾಯಿಸುತ್ತಾರೆ. ಉಳಿದ 11 ಮಂದಿ ನಾಮನಿರ್ದೇಶಿತರು. ಒಂದೊಂದಕ್ಕೂ ಕರ್ತೃ ಬದಲಾಗುವುದರಿಂದ ವಾಕ್ಯರಚನೆ ತಾನಾಗಿ ಪಳಗುತ್ತದೆ.

‘ಎಲೆಕ್ಟ್ ಟು’ ಎಂಬುದಕ್ಕೆ ‘ತಾನೇ ತೀರ್ಮಾನಿಸು’ ಎಂಬ ಗಂಭೀರ ಬಳಕೆಯೂ ಇದೆ: ‘ಶಿ ಎಲೆಕ್ಟೆಡ್ ಟು ಸ್ಟೇ’ ಎಂದರೆ ಉಳಿಯಲು ನಿರ್ಧರಿಸಿದಳು. ಗೆದ್ದು ಇನ್ನೂ ಅಧಿಕಾರ ವಹಿಸಿಕೊಳ್ಳದವರು ‘ಪ್ರೆಸಿಡೆಂಟ್ ಎಲೆಕ್ಟ್’. ಪತ್ರಿಕೆ ಓದುವವರಿಗೆ ಬೇಕಾಗುತ್ತದೆ ಎಂದು ಹೇಳಿ ಮುಂದೆ ಸಾಗುತ್ತೇನೆ.

ಕೊನೆಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಅವಿರೋಧ ಆಯ್ಕೆಯಲ್ಲಿ ಮತದಾನವೇ ಇಲ್ಲವಲ್ಲ, ಅಲ್ಲಿ ಯಾವ ಪದ? ಅಲ್ಲಿಯೂ ‘ಎಲೆಕ್ಟೆಡ್’ ಎಂದೇ ಬರೆಸುತ್ತೇನೆ, ಮುಂದೆ ‘ಅನ್‌ಅಪೋಸ್ಡ್’ ಸೇರಿಸಿ. ಕಣದಲ್ಲಿ ಒಬ್ಬರೇ ಉಳಿದರೆ ಅವರು ಚುನಾಯಿತರೆಂದು ಚುನಾವಣಾಧಿಕಾರಿ ಘೋಷಿಸಬೇಕೆಂದು 1951ರ ಜನಪ್ರಾತಿನಿಧ್ಯ ಕಾಯ್ದೆಯೇ ಹೇಳುತ್ತದೆ.