ಪರಮಾಣು ಸ್ಥಾವರದ ಉಗ್ರಾಣದಲ್ಲಿ ಬಿಡಿಭಾಗವನ್ನು ಪರೀಕ್ಷಿಸಿ ಒಪ್ಪಿಕೊಳ್ಳುವ ಕ್ರಮ

ಕಾರವಾರದ ಸಮೀಪದ ಕೈಗಾದಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಭಾರಜಲ ರಿಯಾಕ್ಟರುಗಳಿವೆ. ಅವುಗಳಲ್ಲಿ ಮೊದಲನೆಯದು 2018ರ ಡಿಸೆಂಬರ್ 31ರಂದು ನಿಲ್ಲುವವರೆಗೆ 962 ದಿನ ಎಡೆಬಿಡದೆ ನಡೆಯಿತು. ಅಷ್ಟು ಕಾಲ ನಿಲ್ಲದ ರಿಯಾಕ್ಟರಿನೊಳಗೆ ಮನುಷ್ಯರು ಹೋಗಲಾಗದ ಜಾಗಗಳಿರುತ್ತವೆ. ಅಲ್ಲಿನ ಸೀಲು, ವಾಲ್ವು, ಗ್ಯಾಸ್ಕೆಟ್ಟುಗಳ ಯೋಗ್ಯತೆಯನ್ನು ಉಗ್ರಾಣದ ಬಾಗಿಲಲ್ಲೇ ತೀರ್ಮಾನಿಸಿರಬೇಕು.

ಪೆಟ್ಟಿಗೆ ಒಡೆಯುವ ಮೊದಲು, ಬಿಡಿಭಾಗವು ಎಲ್ಲಿ ಕೂರುತ್ತದೆ ಮತ್ತು ಅದು ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಖರೀದಿ ಆದೇಶದಲ್ಲಿ ನೋಡಿಕೊಳ್ಳಿ. ಒಂದೇ ಅಳತೆಯ ಬೋಲ್ಟು ತೋಟದ ಪಂಪಿಗೂ ರಿಯಾಕ್ಟರಿನ ಶಾಖ ಹೊರಹಾಕುವ ಪಂಪಿಗೂ ಹೊಂದಬಹುದು, ಆದರೆ ಎರಡನೆಯದಕ್ಕೆ ಬೇಕಾದ ಪರೀಕ್ಷೆಯೇ ಬೇರೆ.

ಅನಂತರ ಕಾಗದಪತ್ರ. ಲೋಹದ ಮೇಲೆ ಕೆತ್ತಿದ ಹೀಟ್ ನಂಬರು, ಅಂದರೆ ಆ ಲೋಹವನ್ನು ಯಾವ ಸಲ ಕರಗಿಸಿ ತಯಾರಿಸಿದ್ದು ಎಂದು ಹೇಳುವ ಗುರುತುಸಂಖ್ಯೆ, ಪ್ರಮಾಣಪತ್ರದಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕು. ಹೊಂದಿದರೂ ಅಷ್ಟಕ್ಕೇ ನಂಬಬೇಡಿ. 2012ರಲ್ಲಿ ದಕ್ಷಿಣ ಕೊರಿಯಾದ ಯೋಂಗ್ವಾಂಗ್ ಸ್ಥಾವರದಲ್ಲಿ, ಖೋಟಾ ಪ್ರಮಾಣಪತ್ರಗಳೊಂದಿಗೆ ಬಂದ ಸಾವಿರಾರು ಬಿಡಿಭಾಗಗಳನ್ನು ಬದಲಿಸಲು ಎರಡು ರಿಯಾಕ್ಟರುಗಳನ್ನು ನಿಲ್ಲಿಸಬೇಕಾಯಿತು. ಮರುವರ್ಷ ನಿಯಂತ್ರಣ ಕೇಬಲ್ಲುಗಳ ಪರೀಕ್ಷಾ ವರದಿಯನ್ನೇ ತಿದ್ದಿದ್ದು ಬಯಲಾಗಿ ಇನ್ನಷ್ಟು ರಿಯಾಕ್ಟರುಗಳು ನಿಂತವು. ಆದ್ದರಿಂದ ಸುರಕ್ಷತೆಗೆ ಸಂಬಂಧಿಸಿದ ವಸ್ತುವಿನ ವರದಿಯನ್ನು ಅದನ್ನು ನೀಡಿದ ಪ್ರಯೋಗಾಲಯದಿಂದಲೇ ನೇರವಾಗಿ ದೃಢಪಡಿಸಿಕೊಳ್ಳಿ. ಸರಬರಾಜುದಾರ ಕೊಟ್ಟ ದೂರವಾಣಿ ಸಂಖ್ಯೆಗೆ ಕರೆ ಮಾಡುವುದನ್ನು ದೃಢೀಕರಣ ಎನ್ನಲಾಗದು.

ಲೋಹವನ್ನು ಕೈಯಲ್ಲಿ ಹಿಡಿಯುವ ಎಕ್ಸ್‌-ರೇ ಉಪಕರಣದಿಂದ ಪರೀಕ್ಷಿಸಿ. ಅದು ಕ್ರೋಮಿಯಂ, ನಿಕಲ್, ಮಾಲಿಬ್ಡಿನಂ ಪ್ರಮಾಣವನ್ನು ಕ್ಷಣದಲ್ಲಿ ಹೇಳುತ್ತದೆ, ಇಂಗಾಲವನ್ನು ಮಾತ್ರ ಅಳೆಯಲಾರದು. ಹಾಗಾಗಿ ಇಂಗಾಲದ ಅಂಶದಲ್ಲೇ ಮುಖ್ಯವಾಗಿ ವ್ಯತ್ಯಾಸವಿರುವ 304 ಮತ್ತು 304ಎಲ್ ಉಕ್ಕುಗಳನ್ನು ಬೇರ್ಪಡಿಸಲು ಬೇರೆ ವಿಧಾನವನ್ನೇ ಅನುಸರಿಸಬೇಕು. ಸ್ಟೇನ್‌ಲೆಸ್ ಉಕ್ಕಿನ ಮೇಲೆ ಗುರುತು ಹಾಕಲು ಕ್ಲೋರೈಡ್ ಅಂಶ ತೀರಾ ಕಡಿಮೆಯಿರುವ ಶಾಯಿಯನ್ನಷ್ಟೇ ಬಳಸಿ, ಏಕೆಂದರೆ ಒತ್ತಡ ಮತ್ತು ಬಿಸಿಯಲ್ಲಿ ಕ್ಲೋರೈಡ್ ಆ ಉಕ್ಕಿನಲ್ಲಿ ಬಿರುಕು ಹುಟ್ಟಿಸುತ್ತದೆ.

ರಬ್ಬರಿನ ವಸ್ತುಗಳು ಕಪಾಟಿನಲ್ಲಿದ್ದಾಗಲೇ ಮುಪ್ಪಾಗುತ್ತವೆ. ಸೋರಿಕೆ ತಡೆಯುವ ರಬ್ಬರ್ ಬಳೆಗಳಾದ ಒ-ರಿಂಗುಗಳ ತಯಾರಿಕೆಯ ತ್ರೈಮಾಸಿಕವನ್ನು ದಾಖಲಿಸಿ, ಬೆಳಕು ಬೀಳದ ಮುಚ್ಚಿದ ಲಕೋಟೆಯಲ್ಲಿಡಿ, ಮೊಳೆಗೆ ನೇತುಹಾಕಬೇಡಿ. ವಿಕಿರಣವಿರುವ ಜಾಗಕ್ಕೆ ಟೆಫ್ಲಾನ್ ಸೀಲು ಕೇಳಿದರೆ ಕೊಡುವ ಮುನ್ನ ಎಂಜಿನಿಯರನ್ನು ವಿಚಾರಿಸಿ. ರಾಸಾಯನಿಕಗಳಿಗೆ ಜಗ್ಗದ ಆ ವಸ್ತು ವಿಕಿರಣಕ್ಕೆ ಬೇಗ ಪುಡಿಯಾಗುತ್ತದೆ.

ಸಂಶಯ ಉಳಿದ ವಸ್ತುವಿಗೆ ತಡೆಚೀಟಿ ಕಟ್ಟಿ, ಬೇರೆ ಬೀಗದ ಕೋಣೆಯಲ್ಲಿಟ್ಟು, ಗುಣಮಟ್ಟ ವಿಭಾಗಕ್ಕೆ ಬರಹದಲ್ಲಿ ತಿಳಿಸಿ. ನಕಲಿ ಎಂಬ ಅನುಮಾನವಿದ್ದರೆ ತನಿಖೆ ಮುಗಿಯುವ ತನಕ ಅದನ್ನು ಸರಬರಾಜುದಾರನಿಗೆ ಹಿಂದಿರುಗಿಸಬಾರದು, ಏಕೆಂದರೆ ಅದೇ ಪೆಟ್ಟಿಗೆ ಹೊಸ ಚೀಟಿ ಅಂಟಿಸಿಕೊಂಡು ಇನ್ನೊಂದು ಸ್ಥಾವರದ ಬಾಗಿಲಿಗೆ ಹೋಗಬಹುದು.